ಮಡಿಕೇರಿ ಮಳೆಗೆ ಕೌದಿ: ಹತ್ತಿ ಬೇಕಾ?

ಜುಲೈಯಲ್ಲಿ ಮಡಿಕೇರಿಯಲ್ಲಿ ಹುಟ್ಟುವ ತಂಗಿಯ ಮಗುವಿಗೆ ಅಜ್ಜಿಯ ಹಳೇ ಕಾಟನ್ ಸೀರೆಗಳ ಕೌದಿ ಹೊಲಿಯಬೇಕು, ಒಳಗೆ ಹತ್ತಿ ತುಂಬಲಾ ಅಂತ ಕೇಳಿದ್ದೀರಿ. ಬೇಡ ಅಕ್ಕಾ. ಆ ಮಳೆಯಲ್ಲಿ ಹತ್ತಿ ತುಂಬಿದ್ದು ಬೇಗ ಒಣಗುವುದಿಲ್ಲ, ಮುಗ್ಗಲು ವಾಸನೆ ಗ್ಯಾರಂಟಿ. ಸೀರೆಯನ್ನೇ ಮೂರು ಪದರ ಮಾಡಿ, ಸಾಕು. ತೆಳ್ಳಗಿನ ಎರಡು ಕೌದಿ ಹೊಲಿದರೆ ಇನ್ನೂ ಒಳ್ಳೆಯದು, ಒಂದು ಒಗೆಯಲು ಹೋದಾಗ ಇನ್ನೊಂದು ಇರುತ್ತದೆ.

ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಸೀರೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ಸೀರೆ ಬಿಟ್ಟುಬಿಡಿ, ಎಷ್ಟೇ ಚೆಂದ ಇರಲಿ. ಜರಿ ಅಂಚು ಕತ್ತರಿಸಿ ತೆಗೆಯಿರಿ, ಮಗುವಿಗೆ ಚುಚ್ಚುತ್ತದೆ. ಮಣಿ, ಗುಂಡಿ ಏನೂ ಬೇಡ. ದಾರದ ಗಂಟು ಪದರದೊಳಗೆ ಹೋಗಲಿ. ಕೈಹೊಲಿಗೆಯೇ ಮೆತ್ತಗೆ, ಸಾಲು ಸ್ವಲ್ಪ ಡೊಂಕಾದರೂ ಪರವಾಗಿಲ್ಲ ಅಲ್ವಾ? ಬಿಸಿಲಿರುವಾಗಲೇ ಸೀರೆ ಒಗೆದು ಒಣಗಿಸಿಕೊಳ್ಳಿ. ಜೂನ್ ಬಂದರೆ ಮುಗೀತು ಕಥೆ.