ಪ್ರತಿಕ್ರಿಯೆ: ಗೆಳೆಯರ ಮೂರು ಹೊಸ ನಾಟಕಗಳ ಬಗ್ಗೆ ಹತ್ತು ನಿಮಿಷ

ನೀವೂ ನಾಟಕಕಾರರು; ಗೆಳೆಯರ ಮೂರು ಹೊಸ ನಾಟಕಗಳ ಪುಸ್ತಕ ಸಾಗರದಲ್ಲಿ ಬಿಡುಗಡೆಯಾಗುವ ಸಭೆಯಲ್ಲಿ ಹತ್ತು ನಿಮಿಷ ಮಾತಾಡಬೇಕು, ಬರೆದದ್ದು ಬರೀ ಕಥಾಸಾರವಾಗುತ್ತಿದೆ ಎಂದಿದ್ದೀರಿ. ನಾಟಕಗಳನ್ನು ಕಾದಂಬರಿಯಂತೆ ಕಣ್ಣಲ್ಲೇ ಓದಿ ಮುಗಿಸಿದ್ದು ಕಾರಣವಿರಬೇಕು. ಕರಡು ನೋಡದೆ ಇಷ್ಟೇ ಹೇಳಬಲ್ಲೆ.

ಮೊದಲು ಇಬ್ಬರು ಮೂವರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ. ನಾಲಿಗೆ ತೊಡರಿದ ಕಡೆ, ಕೇಳುವವರು ಮೊಬೈಲ್ ತೆಗೆದ ಕಡೆ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಪಾತ್ರಗಳ ಹೆಸರು ಮುಚ್ಚಿ ಒಂದು ಪುಟ ಓದಿ: ಮಾತು ಯಾರದೆಂದು ಗೊತ್ತಾಗಬೇಕು. ಹವ್ಯಕರ ಮನೆಯ ಅಜ್ಜಿ, ದೀವರ ಹುಡುಗ, ಶಿವಮೊಗ್ಗದ ವಕೀಲ ಮೂವರೂ ಒಂದೇ ಪುಸ್ತಕದ ಕನ್ನಡ ಆಡಿದರೆ ಅದೇ ನಿಮ್ಮ ತಕರಾರು. ಬೇರೆಬೇರೆ ಕೇಳಿಸಿದರೆ ಅದೇ ಮೆಚ್ಚುಗೆ. 'ಸಂಭಾಷಣೆ ಸೊಗಸಾಗಿದೆ' ಅನ್ನುವುದಕ್ಕಿಂತ ಎಷ್ಟೋ ಪಾಲು ಮೇಲು.

ಹತ್ತು ನಿಮಿಷಕ್ಕೆ ಸುಮಾರು 1000 ಪದ ಸಾಕು. ಮೂರಕ್ಕೂ ಸಮಪಾಲು ಹಂಚಬೇಡಿ, ಒಂದು ನಾಟಕದ ಒಂದೇ ದೃಶ್ಯಕ್ಕೆ ಅರ್ಧ ಸಮಯ ಕೊಡಿ (ಉಳಿದಿಬ್ಬರು ಮುನಿಸಿಕೊಳ್ಳಬಹುದು, ಇರಲಿ). ಕಥೆ ಎರಡು ವಾಕ್ಯ, ಕೊನೆ ಬಿಟ್ಟುಕೊಡಬೇಡಿ. ಆ ದೃಶ್ಯಕ್ಕೆ ಯಾರು ಏನು ಬೇಕೆಂದು ಬರುತ್ತಾರೆ, ಏನು ಸಿಗದೆ ಹೋಗುತ್ತಾರೆ ಎಂದು ಹೇಳಿ, ನಾಲ್ಕೈದು ಮಾತು ಓದಿ.

ಆಕ್ಷೇಪ ರಂಗದ್ದಾಗಿರಲಿ. ಎಂಟು ಕಡೆ ಸ್ಥಳ ಬದಲಾದರೆ, ಹೆಗ್ಗೋಡಿನ 'ತಿರುಗಾಟ'ದಂತೆ ಊರೂರು ಸುತ್ತುವ ನಾಟಕ ತಂಡಕ್ಕೆ ಅಷ್ಟೂ ಸ್ಥಳಗಳ ರಂಗಸಜ್ಜಿಕೆಯ ಸರಂಜಾಮೇ ಹೊರೆ. 'ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ' ಎಂಬ ವಾಕ್ಯ ಬಂದಲ್ಲೆಲ್ಲ ಹೊಡೆದುಹಾಕಿ, ನಾಟಕಕಾರರಿಗೆ ಅದೊಂದು ಚಟ. ಆಕ್ಷೇಪವನ್ನು ಹಿಂದಿನ ದಿನವೇ ಲೇಖಕರಿಗೆ ಫೋನ್ ಮಾಡಿ ತಿಳಿಸಿಬಿಡಿ.