ಗೈಡ್ ಕ್ಯಾಮೆರಾ ಚಿತ್ರದಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಕಾಳು: ಕ್ಯಾಮೆರಾ ಕೆಟ್ಟಿದೆಯಾ?

ನೀವು ಬರೆದಿರುವುದು ಇಷ್ಟು: ಕೂಲಿಂಗ್ ಇಲ್ಲದ ಹೊಸ ಗೈಡ್ ಕ್ಯಾಮೆರಾ (ಆಕಾಶದ ಚಿತ್ರ ತೆಗೆಯುವಾಗ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು, ದೂರದರ್ಶಕ ಜಾರದಂತೆ ತಿದ್ದಲು ನೆರವಾಗುವ ಕ್ಯಾಮೆರಾ), 120 ಮಿ.ಮೀ. ಫೋಕಲ್ ಲೆಂತ್‌ನ ಪುಟ್ಟ ಗೈಡ್ ಸ್ಕೋಪ್, ಬೆಂಗಳೂರಿನ ಮನೆ ತಾರಸಿ. ಗೈಡಿಂಗ್ ಸಾಫ್ಟ್‌ವೇರ್ ಪಿಎಚ್‌ಡಿ2 ತೆರೆದರೆ ಪರದೆ ತುಂಬಾ ಕಾಳು, ಅಲ್ಲಲ್ಲಿ ಬಿಳಿ ಚುಕ್ಕೆ, ನಡುವೆ ಅಡ್ಡ ಗೆರೆ. ಆಗಾಗ ನಕ್ಷತ್ರ ಕಳೆದುಹೋಯಿತು ಅನ್ನುವ ಸಂದೇಶ. ಗೇನ್, ಅಂದರೆ ಕ್ಯಾಮೆರಾ ಸಿಗ್ನಲ್ಲನ್ನು ಹಿಗ್ಗಿಸುವ ಮಟ್ಟ, ಏರಿಸಿದಷ್ಟೂ ಕಾಳು ಜಾಸ್ತಿ. ವಾಪಸ್ ಕಳಿಸಲಾ ಎಂದು ಕೇಳಿದ್ದೀರಿ.

ಈಗಲೇ ಕಳಿಸಬೇಡಿ. ನೀವು ಹೇಳುತ್ತಿರುವುದು ಒಂದು ತೊಂದರೆಯಲ್ಲ, ಮೂರು. ಕಾಳು ಬೇರೆ, ಚುಕ್ಕೆ ಬೇರೆ, ಗೆರೆ ಬೇರೆ.

ಮೊದಲು ಕಾಳಿನ ವಿಷಯ. ಪಿಎಚ್‌ಡಿ2 ತೋರಿಸುವುದು ಕ್ಯಾಮೆರಾ ಕೊಟ್ಟ ಚಿತ್ರವನ್ನು ಇದ್ದ ಹಾಗೇ ಅಲ್ಲ. ಮಂಕಾದ ನಕ್ಷತ್ರವೂ ಕಣ್ಣಿಗೆ ಬೀಳಲಿ ಅಂತ ಕತ್ತಲನ್ನು ಎಳೆದು ಬೆಳ್ಳಗೆ ಮಾಡಿ ತೋರಿಸುತ್ತದೆ. ಒಳ್ಳೆ ಕ್ಯಾಮೆರಾ ಕೂಡ ಹಾಗೆ ಎಳೆದರೆ ರವೆ ಚೆಲ್ಲಿದ ಹಾಗೇ ಕಾಣುವುದು. ಆದ್ದರಿಂದ ಚಿತ್ರದ ಅಂದ ನೋಡಬೇಡಿ, ಪರದೆಯ ಕೆಳಗಿನ ಪಟ್ಟಿಯಲ್ಲಿ ಬರುವ ಎಸ್‌ಎನ್‌ಆರ್ ಅಂಕಿ ನೋಡಿ. ನಕ್ಷತ್ರದ ಬೆಳಕು ಸುತ್ತಲಿನ ಕಾಳಿನ ಗಲಾಟೆಗಿಂತ ಎಷ್ಟು ಪಟ್ಟು ಮೇಲಿದೆ ಅನ್ನುವುದರ ಅಳತೆ ಅದು. 3ಕ್ಕಿಂತ ಕೆಳಗಿಳಿದರೆ ನಕ್ಷತ್ರ ಕಳೆದುಹೋಯಿತು ಎಂದೇ ಲೆಕ್ಕ. 20ರ ಮೇಲಿದ್ದರೆ ಪರದೆ ಎಷ್ಟೇ ಗಲೀಜಾಗಿರಲಿ, ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಅಂಕಿ ಕಡಿಮೆ ಇದ್ದರೆ ಮೊದಲು ಫೋಕಸ್ ನೋಡಿ. ಹತ್ತರಲ್ಲಿ ಏಳು ಸಲ ತಪ್ಪು ಅಲ್ಲೇ ಇರುತ್ತದೆ ಅನ್ನುವುದು ನನ್ನ ಅನುಭವ. ನಕ್ಷತ್ರ ಹರಡಿಕೊಂಡರೆ ಅದರ ಬೆಳಕು ಹತ್ತಾರು ಪಿಕ್ಸೆಲ್‌ಗೆ ಹಂಚಿಹೋಗಿ ಕಾಳಿನಲ್ಲಿ ಮುಳುಗುತ್ತದೆ. ಸ್ಟಾರ್ ಪ್ರೊಫೈಲ್ ಕಿಟಕಿ ತೆರೆದಿಟ್ಟು, ಎಚ್‌ಎಫ್‌ಡಿ ಅಂಕಿ (ನಕ್ಷತ್ರ ಎಷ್ಟು ಅಗಲ ಹರಡಿದೆ ಅನ್ನುವ ಅಳತೆ) ಆದಷ್ಟು ಇಳಿಯುವ ತನಕ ನಿಧಾನವಾಗಿ ತಿರುಗಿಸಿ. ಇದನ್ನು ಧ್ರುವ ನಕ್ಷತ್ರದ ಮೇಲೆ ಮಾಡಲು ಹೋಗಬೇಡಿ. ಬೆಂಗಳೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿ ಮೇಲಷ್ಟೇ. ಊರಿನ ಧೂಳು, ಬೀದಿ ದೀಪದ ಬೆಳಕು ಎಲ್ಲ ಅಲ್ಲೇ ಗುಡ್ಡೆ ಬಿದ್ದಿರುತ್ತದೆ. ತಲೆಯ ಮೇಲಿನ ನಕ್ಷತ್ರ ಹಿಡಿಯಿರಿ.

ಆಮೇಲೆ ಎಕ್ಸ್‌ಪೋಶರ್, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಸಮಯ. ಎಲ್ಲರೂ ಮೊದಲು ಮುಟ್ಟುವುದು ಗೇನ್. ಅದು ನಕ್ಷತ್ರದ ಜೊತೆ ಗಲಾಟೆಯನ್ನೂ ದೊಡ್ಡದು ಮಾಡುತ್ತದೆ, ಅತಿಯಾದರೆ ಹೊಳೆಯುವ ನಕ್ಷತ್ರಗಳ ನೆತ್ತಿ ಕತ್ತರಿಸಿಹೋಗುತ್ತದೆ. ಗೇನ್ ನಡುಮಟ್ಟದಲ್ಲಿಡಿ, ಸಮಯ ಹೆಚ್ಚಿಸಿ. ಊರ ಆಕಾಶದಲ್ಲಿ 1 ಸೆಕೆಂಡನ್ನು 4 ಮಾಡಿದರೆ ಎಸ್‌ಎನ್‌ಆರ್ ಸುಮಾರು ಎರಡರಷ್ಟಾಗುತ್ತದೆ. ಗಾಳಿಯ ನಡುಕವೂ ಸರಾಸರಿಯಾಗಿ ಹೋಗುತ್ತದೆ. ನಿಮ್ಮದು ಹಾರ್ಮೋನಿಕ್ ಮೌಂಟ್ (ಹಾರ್ಮೋನಿಕ್ ಗೇರಿನಿಂದ ತಿರುಗುವ ದೂರದರ್ಶಕ ಪೀಠ) ಆಗಿದ್ದರೆ ಮಾತ್ರ ಈ ಮಾತು ನಡೆಯದು, ಅದಕ್ಕೆ ಬೇಗ ಬೇಗ ತಿದ್ದುವುದು ಬೇಕೇ ಬೇಕು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 8 ಬಿಟ್ ಇದ್ದರೆ 16 ಮಾಡಿ. ಬಿನ್ನಿಂಗ್, ಅಂದರೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಸೇರಿಸಿ ಒಂದಾಗಿಸುವುದು, ಬೇಡ. 3.75 ಮೈಕ್ರಾನ್ ಪಿಕ್ಸೆಲ್ ಇದ್ದರೆ 120 ಮಿ.ಮೀ. ಸ್ಕೋಪ್‌ನಲ್ಲಿ ಈಗಾಗಲೇ ಪಿಕ್ಸೆಲ್‌ಗೆ 6.4 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್ ಸೆಕೆಂಡ್), ಅದನ್ನು ಇನ್ನೂ ಒರಟು ಮಾಡುವುದೇಕೆ?

ಈಗ ಬಿಳಿ ಚುಕ್ಕೆ. ಇವು ಹಾಟ್ ಪಿಕ್ಸೆಲ್, ಅಂದರೆ ಬೆಳಕು ಬೀಳದಿದ್ದರೂ ಹೊಳೆಯುವ ಪಿಕ್ಸೆಲ್, ಇವನ್ನು ಸುಮ್ನೆ ಬಿಡುವ ಹಾಗಿಲ್ಲ. ಒಂದು ಡಿಸೆಂಬರ್ ರಾತ್ರಿ ನಾನು ಒರಾಯನ್ ನೆಬ್ಯುಲಾ ಹಿಡಿಯಲು ಕೂತಿದ್ದೆ. ಗೈಡಿಂಗ್ ಗ್ರಾಫ್ ಗೆರೆ ಎಳೆದ ಹಾಗೆ ನೇರ. ಜನ್ಮದಲ್ಲಿ ಅಂಥ ಗೈಡಿಂಗ್ ಕಂಡಿರಲಿಲ್ಲ. ಖುಷಿಯಿಂದ ಕೆಳಗೆ ಹೋಗಿ ಊಟ ಮಾಡಿ ಬಂದೆ. ನೋಡಿದರೆ ಎಲ್ಲ ಚಿತ್ರದಲ್ಲೂ ನಕ್ಷತ್ರಗಳು ಶಾವಿಗೆಯಂತೆ ಉದ್ದ! ಸಾಫ್ಟ್‌ವೇರ್ ಹಿಡಿದಿದ್ದದ್ದು ನಕ್ಷತ್ರವನ್ನಲ್ಲ, ಒಂದು ಹಾಟ್ ಪಿಕ್ಸೆಲ್ಲನ್ನು. ಅದು ಅಲುಗಾಡುವುದೇ ಇಲ್ಲ, ಗ್ರಾಫ್ ನೇರ ಇರದೆ ಇನ್ನೇನು? ಪ್ರೊಫೈಲ್ ಕಿಟಕಿಯಲ್ಲಿ ನಕ್ಷತ್ರ ಗುಡ್ಡದ ಹಾಗೆ ಕಾಣುತ್ತದೆ, ಹಾಟ್ ಪಿಕ್ಸೆಲ್ ಸೂಜಿಯ ಹಾಗೆ. ಅದನ್ನು ನೋಡಿದ್ದರೆ ಆ ರಾತ್ರಿ ಹಾಳಾಗುತ್ತಿರಲಿಲ್ಲ.

ಇದಕ್ಕೆ ಮದ್ದು ಡಾರ್ಕ್ ಲೈಬ್ರರಿ, ಅಂದರೆ ಕತ್ತಲಲ್ಲಿ ತೆಗೆದಿಟ್ಟು ಆಮೇಲೆ ಗೈಡ್ ಚಿತ್ರದಿಂದ ಕಳೆಯುವ ಚಿತ್ರಗಳ ಸಂಗ್ರಹ. ಸ್ಕೋಪ್‌ಗೆ ಮುಚ್ಚಳ ಹಾಕಿ, ನೀವು ಬಳಸುವ ಎಲ್ಲ ಎಕ್ಸ್‌ಪೋಶರ್‌ಗೂ ಡಾರ್ಕ್ ತೆಗೆಸಿ. ಪ್ಲಾಸ್ಟಿಕ್ ಮುಚ್ಚಳವನ್ನು ಪೂರ್ತಿ ನಂಬಬೇಡಿ, ಕೆಲವುದರೊಳಗೆ ಇನ್‌ಫ್ರಾರೆಡ್ ಬೆಳಕು ನುಸುಳುತ್ತದೆ. ಮೇಲೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಗೇನ್ ಬದಲಿಸಿದರೆ ಹಳೆಯ ಡಾರ್ಕ್ ಉಪಯೋಗಕ್ಕೆ ಬಾರದು. ತಾಪ ಸುಮಾರು 6-7 ಡಿಗ್ರಿ ಏರಿದರೆ ಡಾರ್ಕ್ ಕರೆಂಟ್ (ಬೆಳಕಿಲ್ಲದಿದ್ದರೂ ಬಿಸಿಯಿಂದ ಹುಟ್ಟುವ ಸಿಗ್ನಲ್) ಎರಡರಷ್ಟಾಗುವುದರಿಂದ, ಜನವರಿಯಲ್ಲಿ ತೆಗೆದದ್ದನ್ನು ಏಪ್ರಿಲ್‌ನಲ್ಲಿ ಬಳಸುವುದೂ ಸರಿಯಲ್ಲ. ಡಾರ್ಕ್ ಹಾಕಿದ ಮೇಲೂ ಚುಕ್ಕೆ ಉಳಿದರೆ ಅದರ ಬದಲು ಬ್ಯಾಡ್ ಪಿಕ್ಸೆಲ್ ಮ್ಯಾಪ್ (ಕೆಟ್ಟ ಪಿಕ್ಸೆಲ್‌ಗಳ ಪಟ್ಟಿ) ಮಾಡಿ. ಎರಡನ್ನೂ ಒಟ್ಟಿಗೆ ಬಳಸಲು ಪಿಎಚ್‌ಡಿ2 ಬಿಡುವುದಿಲ್ಲ. ಕನಿಷ್ಠ ಎಚ್‌ಎಫ್‌ಡಿ ಮಿತಿಯನ್ನೂ ಸ್ವಲ್ಪ ಏರಿಸಿ, ಆಗ ಸಾಫ್ಟ್‌ವೇರ್ ಸೂಜಿಗಳನ್ನು ಮುಟ್ಟುವುದಿಲ್ಲ. ಹಾಂ, ಊರಿನ ಬೆಳಕಿನಿಂದ ಬಂದ ಕಾಳು ಡಾರ್ಕ್‌ನಿಂದ ಹೋಗದು. ಅದು ಆಕಾಶದ್ದು, ಕ್ಯಾಮೆರಾದ್ದಲ್ಲ.

ಮೊದಲು ಚೆನ್ನಾಗಿದ್ದು ಮಧ್ಯರಾತ್ರಿ ಮೇಲೆ ಎಸ್‌ಎನ್‌ಆರ್ ಮೆಲ್ಲಗೆ ಇಳಿಯುತ್ತಿದ್ದರೆ, ಎದ್ದು ಹೋಗಿ ಲೆನ್ಸ್ ನೋಡಿ. ಚಳಿಗಾಲದಲ್ಲಿ ಇಬ್ಬನಿ ಕೂತಿರುತ್ತದೆ.

ಕೊನೆಗೆ ಅಡ್ಡ ಗೆರೆ. ಮುಚ್ಚಳ ಹಾಕಿದರೂ ಗೆರೆ ಬರುತ್ತದಾ? ಹಾಗಿದ್ದರೆ ಆಕಾಶಕ್ಕೂ ಅದಕ್ಕೂ ಸಂಬಂಧವಿಲ್ಲ, ಅದು ಕರೆಂಟಿನದೋ ಯುಎಸ್‌ಬಿಯದೋ ತಕರಾರು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ನನ್ನ ಮನೆಯಲ್ಲಿ ಒಂದು ಅಗ್ಗದ ಅಡಾಪ್ಟರ್ ಬದಲಾಯಿಸಿದ್ದೇ ತಡ, ಗೆರೆ ಮಾಯ. ಹಬ್ ಬಿಟ್ಟು ಕ್ಯಾಮೆರಾವನ್ನು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ. ಉದ್ದ ಕೇಬಲ್ ತೆಗೆದು ಗಿಡ್ಡದು ಹಾಕಿ. ಡ್ರೈವರ್‌ನಲ್ಲಿ ಯುಎಸ್‌ಬಿ ವೇಗ ಇಳಿಸುವ ಆಯ್ಕೆ ಇದ್ದರೆ ಅದನ್ನೂ ಇಳಿಸಿ.

ಮುಚ್ಚಳ ಹಾಕಿ, ಬ್ಯಾಟರಿಯಲ್ಲಿ, ಬೇರೆ ಕೇಬಲ್‌ನಲ್ಲಿ, ಸಾಧ್ಯವಾದರೆ ಬೇರೆ ಲ್ಯಾಪ್‌ಟಾಪ್‌ನಲ್ಲೂ ಗೆರೆ ಹಾಗೇ ಇದ್ದರೆ ಆಗ ಕ್ಯಾಮೆರಾದ್ದೇ ತಪ್ಪು. ಆ ಮುಚ್ಚಳ ಹಾಕಿದ ಚಿತ್ರವನ್ನೇ ಅಂಗಡಿಯವರಿಗೆ ಕಳಿಸಿ. ಮೋಡ, ಬೀದಿ ದೀಪ ಅಂತ ಅವರು ಸಬೂಬು ಹೇಳುವ ಹಾಗಿರುವುದಿಲ್ಲ.