ಹಲ್ಲು ಕಚ್ಚಿಕೊಂಡೇ ನಗುವವರು

ಇಂಥವರು ಆಪ್ತಸಮಾಲೋಚಕಿಯಾದ ನನ್ನ ಬಳಿ ಮತ್ತೆ ಮತ್ತೆ ಬರುತ್ತಿದ್ದಾರೆ. ಒಬ್ಬರು ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವರು, ಒಬ್ಬರು ಬ್ಯಾಂಕ್ ಕೌಂಟರಿನವರು, ಇನ್ನೊಬ್ಬರು ಎಲ್‌ಕೆಜಿ ಟೀಚರ್. ದೂರು ಮಾತ್ರ ಒಂದೇ. ಸಂಜೆಯಾದರೆ ತಲೆ ಸಿಡಿಯುತ್ತದೆ, ಕಿವಿಯ ಮುಂದೆ ನೋವು, ಆಕಳಿಸಿದರೆ ದವಡೆ ಕಟಕ್ ಅನ್ನುತ್ತದೆ. ಅವರಲ್ಲಿ ಒಬ್ಬರ ವಿಷಯ ಬರೆಯುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ಮೂವತ್ತಾರು ವರ್ಷ. ಆಸ್ಪತ್ರೆಯೊಂದರ ರಿಸೆಪ್ಷನ್‌ನಲ್ಲಿ ಕೆಲಸ. ಮನೆಯಲ್ಲಿ ಗಂಡ, ಅತ್ತೆ, ಆರು ವರ್ಷದ ಮಗಳು. ಹೆಣ್ಣು ನೋಡಲು ಬಂದಾಗಲೇ "ನಗುಮುಖದ ಹುಡುಗಿ" ಅಂತ ಮೆಚ್ಚಿಕೊಂಡಿದ್ದರಂತೆ. ಕಣ್ಣಿನ ಡಾಕ್ಟರ್, ಕಿವಿ ಡಾಕ್ಟರ್ ಇಬ್ಬರಿಗೂ ಏನೂ ಕಾಣಲಿಲ್ಲ. ಕೊನೆಗೆ ದಂತವೈದ್ಯರು ಸವೆದ ದವಡೆ ಹಲ್ಲುಗಳನ್ನು ನೋಡಿ, ರಾತ್ರಿ ಹಾಕಿಕೊಳ್ಳಲು ನೈಟ್ ಗಾರ್ಡ್ (ಹಲ್ಲು ಸವೆಯದಂತೆ ಕಾಯುವ ಕವಚ) ಮಾಡಿಕೊಟ್ಟು, ನನ್ನ ಹತ್ತಿರ ಕಳಿಸಿದರು.

ಮೊದಲ ಎರಡು ಭೇಟಿಯಲ್ಲಿ "ಎಲ್ಲಾ ಚೆನ್ನಾಗಿದೆ ಮೇಡಂ" ಅನ್ನುವುದರ ಆಚೆ ಮಾತು ಹೋಗಲಿಲ್ಲ.

ಮೂರನೇ ಸಲ, ಎಂಟು ತಿಂಗಳ ಹಿಂದೆ ತೀರಿಕೊಂಡ ಅಪ್ಪನ ಬಗ್ಗೆ ಹೇಳಿದರು. ಬೆಳಗಿನ ಜಾವ ಫೋನ್ ಬಂದಿದ್ದು, ಬಸ್ಸಿನಲ್ಲಿ ಐದು ಗಂಟೆ ಕೂತಿದ್ದು, ತಲುಪುವಷ್ಟರಲ್ಲಿ ಎಲ್ಲ ಮುಗಿದಿದ್ದು. ಅಷ್ಟನ್ನೂ ನಗುತ್ತಲೇ ಹೇಳಿದರು. ತುಟಿ ಹಿಗ್ಗಿತ್ತು, ಕಣ್ಣು ಮಾತ್ರ ಬೇರೆಲ್ಲೋ ಇತ್ತು. ಮಾತು ಮುಗಿಸಿ ಸುಮ್ಮನಾದಾಗ ಕೇಳಿದೆ: "ಈಗ ನಿಮ್ಮ ಮೇಲಿನ ಹಲ್ಲು, ಕೆಳಗಿನ ಹಲ್ಲು ತಾಗಿವೆಯಾ?"

ಸ್ವಲ್ಪ ಹೊತ್ತು ಗಮನಿಸಿ, "ಹೌದು, ಗಟ್ಟಿಯಾಗಿ. ಹಾಗೇ ಇರಬೇಕಲ್ವಾ?" ಅಂದರು.

ಹಾಗಿರಬಾರದು. ಸುಮ್ಮನಿರುವಾಗ ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಜಾಗ ಇರಬೇಕು. ಅವು ತಾಗಬೇಕಾದ್ದು ಅಗಿಯುವಾಗ, ನುಂಗುವಾಗ ಮಾತ್ರ. ಎರಡೂ ಕೈಯ ಬೆರಳುಗಳನ್ನು ದವಡೆ ಮೇಲೆ ಇಟ್ಟು ಹಲ್ಲು ಕಚ್ಚಿ ನೋಡಲು ಹೇಳಿದೆ. ಚರ್ಮದ ಅಡಿಯಲ್ಲಿ ಅಡಿಕೆಯಷ್ಟು ದಪ್ಪ ಗಂಟು ಎದ್ದಿತು. ಬೆರಳನ್ನು ಕಣ್ಣಿನ ಪಕ್ಕಕ್ಕೆ, ಹಣೆಯ ಬದಿಗೆ ಸರಿಸಿ ಮತ್ತೆ ಕಚ್ಚಿಸಿದೆ. ಅಲ್ಲೂ ಎದ್ದಿತು. "ಅಯ್ಯೋ, ತಲೆನೋವು ಬರೋದೂ ಇಲ್ಲೇ" ಅಂದರು.

ಆಮೇಲೆ "ನ್" ಅಂತ ಮೆಲ್ಲಗೆ ಹೇಳಿ, ನಾಲಿಗೆಯನ್ನು ಅಲ್ಲೇ ಬಿಟ್ಟು ತುಟಿ ಮುಚ್ಚಲು ಹೇಳಿದೆ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ನಿಲ್ಲುತ್ತದೆ, ದವಡೆ ತಾನಾಗಿ ಸಡಿಲವಾಗುತ್ತದೆ. ಅವರ ನಗು ಜಾರಿತು. ಎದುರಿಗೆ ದಣಿದ ಹೆಂಗಸೊಬ್ಬಳು ಕೂತಿದ್ದಳು. ಬ್ಯಾಗಿನ ಜಿಪ್ ಎಳೆಯುತ್ತಾ, ಬಿಡುತ್ತಾ ಹೇಳಿದರು: "ಮುಖ ಹೀಗೆ ಬಿಟ್ರೆ ಎಲ್ಲರೂ ಏನಾಯ್ತು, ಏನಾಯ್ತು ಅಂತಾರೆ ಮೇಡಂ. ಏನೂ ಆಗಿಲ್ಲ ಅಂತ ಹತ್ತು ಸಲ ಹೇಳೋದಕ್ಕಿಂತ ನಗೋದೇ ಸುಲಭ."

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ನಗುವ ಸ್ನಾಯು ಬೇರೆ, ಹಲ್ಲು ಕಚ್ಚುವ ಸ್ನಾಯು ಬೇರೆ. ಅವಕ್ಕೆ ಬರುವ ನರಗಳೂ ಬೇರೆ. ಹಾಗಾಗಿ ನಗುವಿನಿಂದಲೇ ದವಡೆ ನೋಯುತ್ತದೆ ಅಂತ ನಾನು ಹೇಳುತ್ತಿಲ್ಲ. ಒಳಗಿನದನ್ನು ತಡೆದು ಹಿಡಿಯುವಾಗ ನಾವು ಹಲ್ಲು ಕಚ್ಚುತ್ತೇವೆ. ಈಕೆ ಬೆಳಗಿಂದ ಸಂಜೆವರೆಗೆ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದರು.

ಸಲಹೆ ಎರಡು ಕೊಟ್ಟೆ. ಕೌಂಟರಿನಲ್ಲಿ ಫೋನ್ ರಿಂಗಾದಾಗಲೆಲ್ಲ ಎತ್ತುವ ಮುನ್ನ ಒಂದು "ನ್". ಎರಡನೆಯದು ಗಂಡನಿಗೆ. ಅವರನ್ನು ಕರೆಸಿ, ಹೆಂಡತಿ ಮನೆಗೆ ಬಂದ ಮೇಲೆ ಅರ್ಧ ಗಂಟೆ "ಯಾಕೆ ಸಪ್ಪಗಿದ್ದೀಯ" ಅಂತ ಯಾರೂ ಕೇಳಬಾರದು ಅಂದೆ. ಅವರಿಗೆ ಬೇಜಾರಾಯಿತು. "ಕಾಳಜಿಯಿಂದ ಕೇಳೋದೂ ತಪ್ಪಾ?" ಅಂದರು. ಕಾಳಜಿ ತಪ್ಪಲ್ಲ. ಆದರೆ ಆ ಪ್ರಶ್ನೆ ಬಂದ ಕೂಡಲೇ ಆಕೆಯ ಮುಖ ಮತ್ತೆ ಡ್ಯೂಟಿಗೆ ಹೋಗುತ್ತದೆ. ಕೆಲಸದಲ್ಲಿ ನಗಬೇಡಿ ಅಂತ ನಾನು ಹೇಳಲಾರೆ, ಅದು ಅವರ ಹೊಟ್ಟೆಪಾಡು. ಮನೆಯಲ್ಲಾದರೂ ಆ ಮುಖ ಇಳಿಸಿಡಲು ಜಾಗ ಬೇಡವೇ?

"ನಗು ಬೆಳೆಸಿಕೊಂಡರೆ ಖುಷಿ ತಾನಾಗಿ ಬರುತ್ತೆ" ಅನ್ನುವ ವಾಟ್ಸಾಪ್ ಮೆಸೇಜನ್ನು ಈಕೆಯೂ ತೋರಿಸಿದ್ದರು. ಇಂಥ ಮಾತಿಗೆ ಆಧಾರವಾಗಿ ತೋರಿಸುವ ಒಂದು ಪ್ರಯೋಗವಿದೆ. 1988ರಲ್ಲಿ, ಹಲ್ಲಿನ ನಡುವೆ ಪೆನ್ನು ಹಿಡಿದು ಮುಖ ನಗುವಿನ ಆಕಾರಕ್ಕೆ ಬಂದವರಿಗೆ ಕಾರ್ಟೂನುಗಳು ಜಾಸ್ತಿ ತಮಾಷೆ ಅನಿಸಿದವು ಅಂತ ಪ್ರಕಟವಾಯಿತು. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಆಮೇಲಿನ ಅಧ್ಯಯನಗಳಲ್ಲೂ ಕಂಡಿದ್ದು ಸಣ್ಣ ಪರಿಣಾಮ. ಅಷ್ಟನ್ನು ನಂಬಿ ಅಪ್ಪನ ಸಾವನ್ನು ನಗುತ್ತಾ ಹೇಳುವವರಿಗೆ ಇನ್ನಷ್ಟು ನಗಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಮೆಟ್ಟಿಲು ಹತ್ತುವಾಗ, ಬಿರುಸಾಗಿ ನಡೆಯುವಾಗ ದವಡೆ ನೋವು ಬಂದು, ನಿಂತರೆ ಕಡಿಮೆಯಾಗುತ್ತಿದ್ದರೆ ಅದು ಹೃದಯದ್ದಿರಬಹುದು. ಅಂಥವರು ಮೊದಲು ಹೋಗಬೇಕಾದ್ದು ಡಾಕ್ಟರ್ ಹತ್ತಿರ, ನನ್ನ ಹತ್ತಿರ ಅಲ್ಲ.

ಎರಡು ತಿಂಗಳಾದ ಮೇಲೆ ಬಂದಾಗ ದಿನಾ ಬರುತ್ತಿದ್ದ ತಲೆನೋವು ವಾರಕ್ಕೆ ಒಂದೆರಡು ದಿನಕ್ಕೆ ಇಳಿದಿತ್ತು. ನೈಟ್ ಗಾರ್ಡ್ ಇನ್ನೂ ಹಾಕಿಕೊಳ್ಳುತ್ತಿದ್ದಾರೆ. ಒಂದು ಸಂಜೆ ಮಗಳು ಬಂದು "ಅಮ್ಮಾ, ಕೋಪಾನಾ?" ಅಂದಳಂತೆ. "ಇಲ್ಲ ಪುಟ್ಟಿ, ಸುಮ್ನೆ ಕೂತಿದ್ದೀನಿ" ಅಂದರಂತೆ. ಮಗು "ಹೂಂ" ಅಂದು ಬಣ್ಣ ಹಚ್ಚಲು ಹೋಯಿತಂತೆ.